ಜಾರಿದ ಚಿಪ್ಪು, ಬೈದ ಅಪ್ಪ

ನಿಮ್ಮ ಹದಿನೆಂಟು ವರ್ಷದ ಮಗಳು ಮದುವೆ ಪಂಕ್ತಿಯಿಂದ ಏಳಲು ಹೋಗಿ, ಮೊಣಕಾಲಿನ ಚಿಪ್ಪು ಜಾರಿ, 'ಅಪ್ಪಾ' ಎಂದು ಕಿರುಚಿ ನೆಲಕ್ಕೆ ಬಿದ್ದಳು ಅಂತಿಟ್ಟುಕೊಳ್ಳಿ. ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು?

ನನ್ನ ಬಾಯಿಂದ ಬಂದದ್ದು ಇದು: "ಎಷ್ಟು ಸಲ ಹೇಳೀನಿ ನಿನಗ? ನೋಡ್ಕೊಂಡು ಏಳಾಕ ಬರಂಗಿಲ್ಲೇನು?"

ಮನೆಯ ನಾಲ್ಕು ಗೋಡೆಗಳ ನಡುವೆ ಹೇಳಿದ್ದಲ್ಲ. ಮದ್ದಿಕೇರದಲ್ಲಿ, ನನ್ನ ಹೆಂಡತಿಯ ಚಿಕ್ಕಪ್ಪನ ಮನೆ ಮದುವೆಯಲ್ಲಿ, ಎರಡು ಸಾಲು ಜನ ಎಂಜಲು ಕೈಯಲ್ಲಿ ನೋಡುತ್ತಿರುವಾಗ ಹೇಳಿದ್ದು. ಮಗಳು ಶ್ರಾವಣಿ ಬಲಗಾಲು ಮಡಚಿಕೊಂಡು ಎಲೆಯ ಪಕ್ಕಕ್ಕೆ ಒರಗಿದ್ದಳು. ಚಿಪ್ಪು ಇರಬೇಕಾದ ಜಾಗ ತಗ್ಗಾಗಿತ್ತು. ಅದರ ಹೊರಬದಿಗೆ ನಿಂಬೆಹಣ್ಣು ಇಟ್ಟಂತೆ ಉಬ್ಬು. ಮುಖ ಬಿಳುಚಿತ್ತು. ನಾನು ಮಾತ್ರ ಇನ್ನೂ ಬೈಯುತ್ತಲೇ ಇದ್ದೆ.

(ಹೌದು, ವಾರವಾರ ಇದೇ ಜಾಗದಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುವ ಮನುಷ್ಯನೇ ನಾನು. ನಗಬೇಡಿ.)

ಹಳೆ ಓದುಗರಿಗೆ ನಾನು ಗೊತ್ತು. ಹೊಸಬರಿಗೆ ಹೇಳುತ್ತೇನೆ. ಗಡಿಯಾಚೆ, ಆಂಧ್ರದ ಆದೋನಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಗಿರಾಕಿ ಇಲ್ಲದ ಹೊತ್ತಲ್ಲಿ ಗಾದಿಯ ಮೇಲೆ ಕೂತು ಈ ಅಂಕಣ ಬರೆಯುತ್ತೇನೆ. ಮಕ್ಕಳು ಅಂತ ಇರುವುದು ಒಬ್ಬಳೇ ಮಗಳು. ಆ ಒಬ್ಬಳ ಬಲಗಾಲಿನ ಚಿಪ್ಪು ಜಾರಿದ್ದು ಅವತ್ತೇ ಮೊದಲಲ್ಲ. ಎಂಟನೇ ಕ್ಲಾಸಿನಲ್ಲಿ ಖೋ ಖೋ ಆಡುವಾಗ ಒಂದು ಸಲ. ಆಟೋ ಇಳಿಯುವಾಗ ಒಂದು ಸಲ. ಮನೆ ಮೆಟ್ಟಿಲ ಮೇಲೆ ಇನ್ನೊಂದು. ನನಗೆ ಗೊತ್ತಿದ್ದಂತೆ ಮದ್ದಿಕೇರದ್ದು ನಾಲ್ಕನೆಯದು.

ಪ್ರತಿ ಸಲವೂ ನನ್ನ ಹತ್ತಿರ ಒಂದು ಕಾರಣ ರೆಡಿ ಇರುತ್ತಿತ್ತು. ಖೋ ಖೋದಲ್ಲಿ ಬಿದ್ದಳಾ? ಹುಡುಗರ ಹಂಗೆ ಆಡಿದರೆ ಇನ್ನೇನಾಗುತ್ತೆ. ಆಟೋದಿಂದ ಬಿದ್ದಳಾ? ಕಣ್ಣು ಮೊಬೈಲಲ್ಲಿತ್ತು. ಮೆಟ್ಟಿಲ ಮೇಲೆ ಬಿದ್ದಳಾ? ಹಾಲು ಕುಡಿಯಲ್ಲ, ಕ್ಯಾಲ್ಸಿಯಂ ಇಲ್ಲ. ಎಣ್ಣೆ ಹಚ್ಚಿ, ಕ್ರೇಪ್ ಬ್ಯಾಂಡೇಜ್ ಸುತ್ತಿ, ಒಂದು ಲೋಟ ಹಾಲು ಕುಡಿಸಿ, ಜೊತೆಗೆ ಎರಡು ಲೋಟ ಬೈಗುಳ. ಇದು ನಮ್ಮ ಮನೆಯ ಟ್ರೀಟ್‌ಮೆಂಟ್.

ಆದರೆ ಮದ್ದಿಕೇರದ ತಪ್ಪು ನನ್ನದು. ಅದನ್ನು ಹೇಳಲೆಂದೇ ಇವತ್ತು ಬರೆಯುತ್ತಿದ್ದೇನೆ.

ಆ ಮನೆಯ ಹಿರಿಯರದು ಹಳೇ ಪದ್ಧತಿ. ಟೇಬಲ್ ಮೇಲೆ ಉಂಡರೆ ಊಟ ಮೈಗೆ ಹತ್ತುವುದಿಲ್ಲ ಅನ್ನುವವರು. ಹಾಗಾಗಿ ಪಂಕ್ತಿಯೆಲ್ಲ ನೆಲದ ಮೇಲೆ. ಮೂಲೆಯಲ್ಲಿ ಮಾತ್ರ ನಾಲ್ಕು ಟೇಬಲ್ ಹಾಕಿಸಿದ್ದರು, ಮಂಡಿನೋವಿನ ಮುದುಕ ಮುದುಕಿಯರಿಗೆ. ಊಟಕ್ಕೆ ಮುಂಚೆ ಶ್ರಾವಣಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಅಪ್ಪಾ, ನಾನು ಆ ಟೇಬಲ್ ಕಡೆ ಕುಂದ್ರಲೇನು?"

"ಅದು ವಯಸ್ಸಾದವರಿಗೆ. ಲಗ್ನದ ವಯಸ್ಸಿನ ಹುಡುಗಿ ಮುದುಕ್ಯಾರ ನಡುವ ಕುಂತ್ರ ನೋಡಿದವರು ಏನಂದಾರು?"

ನೋಡಿದವರು! ಈ ನೋಡುವವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಬೇರೆ ಕೆಲಸ ಇರುವುದಿಲ್ಲವೇ? ಹೋಳಿಗೆ, ಕಟ್ಟಿನ ಸಾರು ಬಿಟ್ಟು ನನ್ನ ಮಗಳ ಮೊಣಕಾಲು ನೋಡುತ್ತಾ ಕೂರುತ್ತಾರೆಯೇ?

ಅವಳು ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತಳು. ಪಂಕ್ತಿಯ ನಿಯಮ ನಿಮಗೆ ಗೊತ್ತೇ ಇದೆ. ಸಾಲಿನ ಹಿರಿಯರು ಏಳುವ ತನಕ ಯಾರೂ ಏಳುವಂತಿಲ್ಲ. ನಮ್ಮ ಸಾಲಿನ ಹಿರಿಯರಿಗೆ ಹಲ್ಲಿಲ್ಲ. ಅವರು ಹೋಳಿಗೆಯನ್ನು ತುಪ್ಪದಲ್ಲಿ ನೆನೆಸಿ, ಹಾಲಿನಲ್ಲಿ ನೆನೆಸಿ, ನಿಧಾನವಾಗಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ನಡುವೆ ಒಮ್ಮೆ ಶ್ರಾವಣಿ ಬಲಗಾಲು ಮುಂದಕ್ಕೆ ಚಾಚಿದಳು. ನಾನು ಕಣ್ಣಲ್ಲೇ ಗದರಿಸಿದೆ. ಹಿರಿಯರ ಎದುರು ಕಾಲು ಚಾಚುವುದೇ? ಮತ್ತೆ ಮಡಚಿದಳು.

ಕೊನೆಗೆ ಸಾಲು ಎದ್ದಿತು. ಜೋಮು ಹಿಡಿದ ಕಾಲ ಮೇಲೆ ಭಾರ ಹಾಕಿ, ಅರ್ಧ ತಿರುಗಿ ಏಳಲು ಹೋದಳು. ಚಿಪ್ಪು ಜಾರಿತು.

"ಅಯ್ಯೋ, ಏಮಯಿಂದಿ? ಏಮಯಿಂದಿ?" ಏನಾಯ್ತು ಅಂತ ತೆಲುಗಿನಲ್ಲಿ ಕೇಳುತ್ತಾ ಹೆಂಗಸರು ಓಡಿ ಬಂದರು. ಒಬ್ಬರು ನೀರು ಅಂದರು, ಒಬ್ಬರು ಗಾಳಿ ಬಿಡಿ ಅಂದರು, ಒಬ್ಬರು ದೃಷ್ಟಿ ಅಂದರು. ಮಾಡುವವರು ಯಾರೂ ಇರಲಿಲ್ಲ.

ಎದುರು ಸಾಲಿನ ಪಂಕ್ತಿ ತಡವಾಗಿ ಶುರುವಾಗಿತ್ತು. ಅಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ ಉಣ್ಣುತ್ತಿದ್ದರು. ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ಅದನ್ನು ಬಿಟ್ಟು ಎದ್ದರು. ಪಂಕ್ತಿಯ ನಡುವೆ ಏಳಬಾರದು, ಎದ್ದ ಎಲೆಗೆ ಮತ್ತೆ ಕೂರಬಾರದು, ಎರಡೂ ಅವರಿಗೆ ಗೊತ್ತು. ಆದರೂ ಎದ್ದರು. ಕೈ ತೊಳೆದು, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು, ನನ್ನ ಮುಂದೆ ಬಂದು ನಿಂತರು.

"ಸಾವ್ಕಾರ್ರ, ಬೈಯೋದು ಆಮ್ಯಾಲ ಮಾಡೂರಂತ. ಈಗ ಆಕಿ ತಲಿ ತೊಡಿ ಮ್ಯಾಲ ಇಟ್ಕೊಂಡು ಸುಮ್ಮನ ಕುಂದ್ರಿ."

ಬೀರಪ್ಪಜ್ಜ ಅಂತ ಹೆಸರು. ಮದುವೆ ಮನೆಯ ಹಿಂದಿನ ಓಣಿಯವರು. ಹುಟ್ಟಿದಾಗಿನಿಂದ ಕುರಿ ಸಾಕಿದವರು. ಅವರು ಮಗಳ ಕಾಲ ಹತ್ತಿರ ಕೂತು ಮೊದಲು ಕಾಲನ್ನು ಮುಟ್ಟಲೇ ಇಲ್ಲ.

"ಯವ್ವಾ, ಇಲ್ಲಿ ನನ್ನ ಮಾರಿ ನೋಡು. ಕಾಲು ನೋಡಬ್ಯಾಡ. ಮನ್ಯಾಗ ಏನರ ಸಾಕೀಯೇನು?"

"ಬೆ... ಬೆಕ್ಕು."

"ಏನ್ ಹೆಸರಿಟ್ಟೀದಿ?"

"ಜಿಲೇಬಿ."

"ಭೇಷ್! ಇಲಿ ಹಿಡಿತೈತೇನು, ಬರೇ ಹಾಲು ಕುಡಿತೈತೇನು?"

ಅವಳು ಉತ್ತರ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಅವರ ಒಂದು ಕೈ ಹಿಮ್ಮಡಿಯ ಕೆಳಗೆ ಹೋಗಿತ್ತು, ಇನ್ನೊಂದು ಕೈಯ ಹೆಬ್ಬೆರಳು ಚಿಪ್ಪಿನ ಹೊರಬದಿಗೆ. ಒಂದು ಚೂರೂ ಎಳೆಯಲಿಲ್ಲ, ಜಗ್ಗಲಿಲ್ಲ. ಮಡಚಿದ ಕಾಲನ್ನು ನಿಧಾನವಾಗಿ ನೆಟ್ಟಗೆ ಮಾಡುತ್ತಾ ಹೋದರು, ಚಿಪ್ಪಿಗೆ ಒಳಮುಖವಾಗಿ ಮೆಲ್ಲಗೆ ಒತ್ತು ಕೊಟ್ಟರು. ಟಕ್ ಅಂತ ಸಣ್ಣ ಸದ್ದು. ಉಬ್ಬು ಮಾಯ. ಮಗಳು ಉದ್ದಕ್ಕೆ ಉಸಿರು ಬಿಟ್ಟಳು.

(ಓದಿ ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಕಾಲನ್ನು ಇದ್ದಂತೆಯೇ ಆಧಾರ ಕೊಟ್ಟು ಇಟ್ಟು ಆಸ್ಪತ್ರೆಗೆ ಒಯ್ಯಿರಿ. ಎಲ್ಲರ ಕೈಯೂ ಬೀರಪ್ಪಜ್ಜನ ಕೈಯಲ್ಲ.)

ಆಮೇಲೆ ನನ್ನ ಕಡೆ ತಿರುಗಿದರು. "ಕುರಿಮರ್‍ಯಾಗೂ ಒಂದೊಂದು ಹಿಂಗ ಹುಟ್ತಾವ್ರಿ. ಓಡೋವಾಗ ಚಿಪ್ಪು ಜಾರಿ ಕುಂಟ್ತಾವು. ಅದು ಹುಟ್ಟಾ ತಂದದ್ದು. ಮರಿಗೆ ಬೈದ್ರ ಎಲುಬು ತಿದ್ದಿಕೊಂತೈತೇನು? ಮೊದಲ ಎಲುಬಿನ ಡಾಕ್ಟ್ರಿಗೆ ತೋರಸ್ರಿ. ನಾ ಕೂಡಿಸೀನಿ, ಖರೆ. ಒಳಗ ಏನು ಹರದೈತೋ ನನಗ ಕಾಣಂಗಿಲ್ಲ."

ಮನೆಯವರು ಬೇರೆ ಎಲೆ ಹಾಕುತ್ತೇವೆ ಅಂದರೂ ಅವರು ಮತ್ತೆ ಊಟಕ್ಕೆ ಕೂರಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ಹೋದರು.

ಎರಡು ದಿನ ಬಿಟ್ಟು ಬಳ್ಳಾರಿಗೆ ಹೊರಟೆವು. ದಾರಿಯಲ್ಲಿ ಹಾಲಹರವಿ ದಾಟಿದ ಮೇಲೆ ನನ್ನ ಹೆಂಡತಿ ಗಿರಿಜಾ ಶುರುಮಾಡಿದಳು. "ಹುಟ್ಟಾ ತಂದದ್ದು ಅಂದ್ರಲ್ಲ ಅಜ್ಜಾರು. ನಮ್ಮ ತವರುಮನಿ ಕಡೆ ಎಲ್ಲರ ಕಾಲೂ ಗಟ್ಟಿ ಅದಾವ ನೋಡ್ರಿ." ನಾನು ಕಿಟಕಿಯಾಚೆ ಹತ್ತಿ ಹೊಲ ನೋಡಿದೆ.

ಎಲುಬಿನ ಡಾಕ್ಟರು ಮೂವತ್ತೈದರ ಒಳಗಿನ ಹೆಣ್ಣುಮಗಳು. ಮೊದಲ ಪ್ರಶ್ನೆ: "ಎಷ್ಟು ಸಲ ಜಾರಿದೆ?"

"ನಾಲ್ಕು ಸಲ ಮೇಡಂ," ಅಂದೆ. ಮಗಳ ಬಗ್ಗೆ ಎಲ್ಲ ಗೊತ್ತಿರುವ ಅಪ್ಪನ ಧಾಟಿಯಲ್ಲಿ.

"ಹನ್ನೊಂದು," ಅಂದಳು ಶ್ರಾವಣಿ.

ಡಾಕ್ಟರು ಪೆನ್ನು ನಿಲ್ಲಿಸಿದರು. ನಾನು ಮಗಳನ್ನು ನೋಡಿದೆ. ಅವಳು ನೆಲ ನೋಡುತ್ತಾ ಹೇಳುತ್ತಾ ಹೋದಳು. ಕಾಲೇಜಿನ ಲ್ಯಾಬಿನಲ್ಲಿ. ಬಚ್ಚಲಮನೆಯಲ್ಲಿ ಮೂರು ಸಲ. ಗೆಳತಿಯ ಮನೆಯಲ್ಲಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೂ ಒಮ್ಮೆ. ಮತ್ತೊಮ್ಮೆ ಮಂತ್ರಾಲಯದಲ್ಲಿ.

ಮಂತ್ರಾಲಯದ್ದು ಕೇಳಿ ಗಿರಿಜಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಯಾಕೆಂದರೆ ಆ ಹರಕೆ ಅವಳದು. ಮಗಳ ಮಂಡಿ ಗಟ್ಟಿಯಾಗಲಿ ಅಂತ ಮಗಳ ಕೈಯಲ್ಲೇ ಹೆಜ್ಜೆ ನಮಸ್ಕಾರ ಹಾಕಿಸಿದ್ದಳು. ಒಂದು ಹೆಜ್ಜೆ, ಒಂದು ಮಂಡಿಯೂರುವಿಕೆ, ಮತ್ತೆ ಏಳುವುದು. ಮಂಡಿ ಸರಿಹೋಗಲು ಮಂಡಿಯಿಂದಲೇ ದುಡಿಸಿದ ಹರಕೆ! ದೇವರಿಗೂ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿರಬೇಕು. ಅವತ್ತು ಪ್ರಾಕಾರದಲ್ಲಿ ಚಿಪ್ಪು ಅರ್ಧ ಜಾರಿ, ತಾನಾಗಿಯೇ ಒಳಗೆ ಹೋಗಿ, ಹುಡುಗಿ ಹಲ್ಲು ಕಚ್ಚಿ ಉಳಿದ ನಮಸ್ಕಾರ ಮುಗಿಸಿದ್ದಳು. ಅವಳ ಕಣ್ಣೀರು ನೋಡಿ ನಾವಿಬ್ಬರೂ ಭಕ್ತಿ ಅಂದುಕೊಂಡಿದ್ದೆವು.

"ಮನೇಲಿ ಯಾಕೆ ಹೇಳಲಿಲ್ಲಮ್ಮ?" ಡಾಕ್ಟರು ಕೇಳಿದರು.

"ಅಪ್ಪ ಬೈತಾರ."

ಎರಡೇ ಶಬ್ದ. ಓದುಗರೇ, ನನಗೆ ಐವತ್ತೆರಡು ವರ್ಷ. ಗಿರಾಕಿಗಳಿಂದ, ಬ್ಯಾಂಕಿನವರಿಂದ, ನೆಂಟರಿಂದ ಬೇಕಾದಷ್ಟು ಅನ್ನಿಸಿಕೊಂಡಿದ್ದೇನೆ. ಈ ಎರಡು ಶಬ್ದದಷ್ಟು ಯಾವುದೂ ಚುಚ್ಚಿರಲಿಲ್ಲ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ಅಳು ಮುಚ್ಚಿ, ತನ್ನ ಕಾಲನ್ನು ತಾನೇ ನೆಟ್ಟಗೆ ಮಾಡಿಕೊಂಡಿದ್ದಾಳೆ ನನ್ನ ಮಗಳು. ಆಚೆ ಹಾಲ್‌ನಲ್ಲಿ ನಾನು ಪೇಪರ್ ಓದುತ್ತಿದ್ದೆ.

ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆದವು. ಡಾಕ್ಟರು ಅರ್ಧ ಗಂಟೆ ಕೂತು ಬಿಳಿ ಹಾಳೆಯ ಮೇಲೆ ಚಿತ್ರ ಬಿಡಿಸಿ ಹೇಳಿದರು. (ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವರಿಗೂ ನನ್ನ ಕೃತಜ್ಞತೆ.)

"ತೊಡೆ ಎಲುಬಿನ ಕೆಳಗಿನ ತುದಿಯಲ್ಲಿ ಒಂದು ತೋಡು ಇರುತ್ತೆ, ಕಾಲುವೆ ಥರ. ಕಾಲು ಮಡಚಿದಾಗ ಚಿಪ್ಪು ಅದರೊಳಗೆ ಕೂತು ಮೇಲೆ ಕೆಳಗೆ ಓಡಾಡಬೇಕು. ನಿಮ್ಮ ಮಗಳಿಗೆ ಆ ಕಾಲುವೆಗೆ ಆಳವೇ ಇಲ್ಲ. ಹೆಚ್ಚುಕಮ್ಮಿ ಚಪ್ಪಟೆ."

"ಹಾಲು ಕುಡಿದ್ರ ಆಳ ಆಗಂಗಿಲ್ಲೇನ್ರಿ?" ಗಿರಿಜಾ ಕೇಳಿದಳು.

"ಎಮ್ಮೆಯನ್ನೇ ಕುಡಿದರೂ ಆಗಲ್ಲಮ್ಮ," ಅಂದರು ಡಾಕ್ಟರು.

ಅಷ್ಟೇ ಅಲ್ಲ. ಅವಳ ಚಿಪ್ಪು ಇರಬೇಕಾದ್ದಕ್ಕಿಂತ ಮೇಲೆ ಕೂತಿದೆಯಂತೆ. ಮಂಡಿ ಮಡಚಲು ಶುರುಮಾಡಿದಾಗ ಅದು ಕಾಲುವೆಗೆ ಇಳಿಯುವುದು ತಡವಾಗುತ್ತದೆ. ಆ ನಡುವಿನ ಕ್ಷಣದಲ್ಲಿ ಅದಕ್ಕೆ ಹಿಡಿತವಿಲ್ಲ. ಇನ್ನು ಚಿಪ್ಪಿನಿಂದ ಕೆಳಗೆ ಇಳಿಯುವ ಪಟ್ಟಿ ಮೊಣಕಾಲಿನ ಕೆಳಗಿನ ಎಲುಬಿಗೆ ಅಂಟುವ ಜಾಗ ಇದೆಯಲ್ಲ, ಅದು ಸ್ವಲ್ಪ ಹೊರಗೆ ಸರಿದಿದೆ. ಹಾಗಾಗಿ ತೊಡೆಯ ಸ್ನಾಯು ಎಳೆದಾಗೆಲ್ಲ ಚಿಪ್ಪು ಹೊರಗಡೆಗೇ ವಾಲುತ್ತದೆ. ಚಿಪ್ಪನ್ನು ಒಳಗಡೆಯಿಂದ ಹಿಡಿದಿಡಲು ಒಂದು ಕಟ್ಟು ಇರುತ್ತದೆ. ಖೋ ಖೋ ಆಡಿದ ದಿನ ಅದು ಹರಿದದ್ದು ಕೂಡಿಕೊಳ್ಳುವಾಗ ಸಡಿಲವಾಗಿ ಕೂಡಿಕೊಂಡಿದೆ. ಜೊತೆಗೆ ಅವಳ ಕೀಲುಗಳೇ ಸ್ವಲ್ಪ ಸಡಿಲ. ಶ್ರಾವಣಿ ಹೆಬ್ಬೆರಳನ್ನು ಬಗ್ಗಿಸಿ ಮುಂಗೈಗೆ ತಾಗಿಸಿ ತೋರಿಸಿದಳು. ಚಿಕ್ಕವಳಿದ್ದಾಗ ಅದನ್ನೇ ಮಾಡಿಸಿ, ಬಂದವರ ಮುಂದೆ ಚಪ್ಪಾಳೆ ಹೊಡೆದವನು ನಾನೇ!

ನನ್ನ ಅಂಗಡಿಯ ಮುಂದೆ ಒಬ್ಬ ಟೈಲರ್ ಕೂರುತ್ತಾನೆ. ಮಿಷನ್ನಿನ ಬೆಲ್ಟು ಪದೇ ಪದೇ ಚಕ್ರದಿಂದ ಜಾರಿದರೆ ಅವನು ಏನು ಮಾಡುತ್ತಾನೆ ಗೊತ್ತೇ? ಬಗ್ಗಿ ನೋಡುತ್ತಾನೆ. ಚಕ್ರದ ತೋಡು ಸವೆದಿದೆಯಾ, ಬೆಲ್ಟು ಸಡಿಲವಾಗಿದೆಯಾ, ಎರಡು ಚಕ್ರ ಒಂದೇ ಗೆರೆಯಲ್ಲಿವೆಯಾ? ಮಿಷನ್ನಿಗೆ ಬೈದದ್ದನ್ನು ನಾನು ನೋಡಿಲ್ಲ. ಐದು ವರ್ಷದಲ್ಲಿ ನಾನು ಒಂದು ಸಲವಾದರೂ ಬಗ್ಗಿ ನೋಡಿದ್ದೆನೇ?

"ಇದು ಮನೆತನದಲ್ಲಿ ಬರುವುದುಂಟು," ಅಂದರು ಡಾಕ್ಟರು. ಗಿರಿಜಾ ತಕ್ಷಣ ನೆಟ್ಟಗಾದಳು. "ಸರ್, ನೀವು ಸ್ವಲ್ಪ ಆ ಬೆಡ್ ಮೇಲೆ ಕೂರ್ತೀರಾ?"

ಪ್ಯಾಂಟು ಮಂಡಿಗೆ ಏರಿಸಿ ಕೂತೆ. ಡಾಕ್ಟರು ನನ್ನ ಚಿಪ್ಪಿನ ಒಳಬದಿಗೆ ಹೆಬ್ಬೆರಳಿಟ್ಟು ಮೆಲ್ಲಗೆ ಹೊರಗೆ ತಳ್ಳಿದರು. ನಾನು ಹಾರಿಬಿದ್ದು ಅವರ ಕೈ ಹಿಡಿದುಕೊಂಡೆ. ಚಿಪ್ಪು ಬಿದ್ದೇಹೋಯಿತು ಅನ್ನುವಂಥ ಭಯ. "ಹೂಂ. ನಿಮ್ಮದೂ ಮೇಲೇ ಕೂತಿದೆ. ನಿಮ್ಮದೂ ಆಳ ಕಡಿಮೆ ಇರಬಹುದು. ಉಳಿದ ತೊಂದರೆ ನಿಮಗೆ ಇರಲಿಲ್ಲ, ಬಚಾವಾದಿರಿ. ಇವಳಿಗೆ ಎಲ್ಲ ಒಟ್ಟಿಗೆ ಬಂದಿದೆ."

ಗಿರಿಜಾ ಏನೂ ಅನ್ನಲಿಲ್ಲ. ಅವಳ ಆ ದೊಡ್ಡ ಮನಸ್ಸಿಗೆ ಇಲ್ಲೇ ಥ್ಯಾಂಕ್ಸ್ ಹೇಳಿಬಿಡುತ್ತೇನೆ. (ಬಳ್ಳಾರಿ ದಾಟಿದ ಮೇಲೆ ಅಂದಳು. ಆದೋನಿ ಬರುವವರೆಗೂ ಅಂದಳು.)

ಅಂದರೆ ಲೆಕ್ಕ ಹೀಗೆ. ಎಲುಬು ಕೊಟ್ಟವನು ನಾನು. ಅದು ಜಾರಿದಾಗ ಬೈದವನು ನಾನು. ಟೇಬಲ್ ಬೇಡ ಅಂದವನೂ ನಾನು. ಮಗಳು ಮಾಡಿದ ತಪ್ಪು ಏನು? ನನ್ನ ಮನೆಯಲ್ಲಿ ಹುಟ್ಟಿದ್ದು.

ಮುಂದಿನದು ಉದ್ದದ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಆಪರೇಷನ್ ಆಯಿತು. ತೊಡೆಯ ಹಿಂಭಾಗದ ಒಂದು ಸ್ನಾಯುರಜ್ಜು ತೆಗೆದು ಒಳಗಿನ ಕಟ್ಟನ್ನು ಹೊಸದಾಗಿ ಕಟ್ಟಿದರು. ಹೊರಗೆ ಸರಿದಿದ್ದ ಆ ಜಾಗದ ಎಲುಬನ್ನು ಕತ್ತರಿಸಿ, ಸ್ವಲ್ಪ ಒಳಕ್ಕೆ, ಸ್ವಲ್ಪ ಕೆಳಕ್ಕೆ ಸರಿಸಿ ಸ್ಕ್ರೂ ಹಾಕಿದರು. ಆಮೇಲೆ ತಿಂಗಳುಗಟ್ಟಲೆ ಬ್ರೇಸ್, ವಾಕರ್, ಫಿಸಿಯೋಥೆರಪಿ. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ನಾನು ಅವಳ ಪಕ್ಕ ಕೂತು ಕಾಲು ಎತ್ತುವ ವ್ಯಾಯಾಮ ಎಣಿಸುತ್ತಿದ್ದೆ. ಎಂಟಕ್ಕೆ ಬಂದು ಅವಳು ಬೇಕಂತಲೇ ನಿಲ್ಲಿಸುತ್ತಿದ್ದಳು. "ಬೈರಿ ಅಪ್ಪಾ, ಬೈದ್ರ ಹತ್ತು ಮಾಡ್ತೀನಿ." ನನ್ನನ್ನು ಕೆಣಕುವಷ್ಟು ಧೈರ್ಯ ಬಂದಿತ್ತು. ಆ ಧೈರ್ಯ ಕಂಡು ನನಗೆ ಕಣ್ಣು ತುಂಬಿ ಬಂದದ್ದನ್ನು ಅವಳಿಗೆ ಹೇಳಿಲ್ಲ. ಈಗ ಓದಿ ತಿಳಿದುಕೊಳ್ಳಲಿ.

ಅವಳು ವಾಕರ್ ಬಿಟ್ಟ ವಾರ ಗಿರಿಜಾ ಹೋಳಿಗೆ ಮಾಡಿದಳು. ಡಬ್ಬಿ ತುಂಬಿಕೊಂಡು, ಒಂದು ಪಂಚೆ ತೆಗೆದುಕೊಂಡು ಮದ್ದಿಕೇರಕ್ಕೆ ಹೋದೆ. ಬೀರಪ್ಪಜ್ಜ ಕುರಿಹಟ್ಟಿಯ ಮುಂದೆ ಕೂತು ಒಂದು ಮರಿಯ ಗೊರಸು ಶುಚಿ ಮಾಡುತ್ತಿದ್ದರು. ನಾನು ಬಗ್ಗಿ ಕಾಲು ಮುಟ್ಟಲು ಹೋದೆ. ಹಿಂದೆ ಸರಿದರು.

"ಬ್ಯಾಡ್ರಿ ಸಾವ್ಕಾರ್ರ. ಮಗಳು ನಡಿತಾಳೇನು?"

"ನಡಿತಾಳ ಅಜ್ಜಾ. ನಿಮ್ಮ ದಯೆ."

"ಡಾಕ್ಟ್ರ ದಯೆ ಅನ್ರಿ. ಆಮ್ಯಾಲ ಬೈದ್ರ್ಯೇನು?"

ಅವತ್ತು ತಾವೇ ಮುಂದಕ್ಕೆ ಹಾಕಿದ ಬೈಗುಳದ ಬಗ್ಗೆ ಕೇಳುತ್ತಿದ್ದರು. ಇಲ್ಲ ಅಂತ ತಲೆಯಾಡಿಸಿದೆ. "ಅಷ್ಟು ಸಾಕು ಬಿಡ್ರಿ," ಅಂತ ಡಬ್ಬಿ ತೆಗೆದು, ಅಲ್ಲೇ ಕೂತು, ಒಂದು ಹೋಳಿಗೆ ಪೂರ್ತಿ ತಿಂದರು. ಯಾರಿಗೋ ಉಣಿಸಿ ಇಷ್ಟು ತೃಪ್ತಿ ನನಗೆ ಹಿಂದೆ ಎಂದೂ ಆಗಿರಲಿಲ್ಲ. ಒಬ್ಬ ಮನುಷ್ಯ ನನ್ನ ಮಗಳಿಗಾಗಿ ಎಲೆ ಬಿಟ್ಟು ಎದ್ದಿದ್ದ. ನಾನು, ಅವಳ ಅಪ್ಪ, ಆ ಹೊತ್ತಿನಲ್ಲಿ ನೋಡಿದವರ ಬಗ್ಗೆ ಯೋಚಿಸುತ್ತಿದ್ದೆ.

ಶ್ರಾವಣಿ ಈಗ ಅನಂತಪುರದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಹೋದ ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದೆ. ಫೋನ್ ಬಂತು.

"ಅಪ್ಪಾ, ಬಿದ್ದೆ."

ಹಾಸ್ಟೆಲಿನ ಒದ್ದೆ ನೆಲದ ಮೇಲೆ ಜಾರಿದ್ದಳು. ನನ್ನ ನಾಲಿಗೆ ಹಳೇ ಅಭ್ಯಾಸದ್ದು. ಒದ್ದೆ ಕಾಣಲಿಲ್ಲವಾ, ಚಪ್ಪಲಿ ಎಂಥದ್ದು, ಫೋನ್ ಕೈಯಲ್ಲಿತ್ತಾ, ಎಲ್ಲ ತುದಿಗೆ ಬಂದು ನಿಂತವು. ಗಿರಾಕಿಯ ಕಡೆ ನೋಡಿ, ಗೋಡೆಯ ಕಡೆ ನೋಡಿ, ಎಲ್ಲವನ್ನೂ ನುಂಗಿದೆ.

"ಎಲ್ಲಿ ನೋಯ್ತೈತಿ ಮಗಳೇ?"

"ಮೊಣಕೈ ತರಚೈತಿ ಅಷ್ಟೇ. ಮಂಡಿ ಗಟ್ಟಿ ಐತಪ್ಪಾ! ಅಲುಗಾಡಿಲ್ಲ! ಅದನ್ನ ಹೇಳಾಕ ಫೋನ್ ಮಾಡಿದೆ. ಅಮ್ಮಗ ಇನ್ನಾ ಹೇಳಿಲ್ಲ, ನಿಮಗೇ ಮೊದಲು."

ಸೀರೆ ಹಾಗೇ ಬಿಟ್ಟು, ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಗಿರಾಕಿ ಏನೋ ಕೆಟ್ಟ ಸುದ್ದಿ ಅಂದುಕೊಂಡು, ಆಮೇಲೆ ಬರ್ತೀನಿ ಅಂತ ಎದ್ದು ಹೋದಳು. ಹೋಗಲಿ ಬಿಡಿ. ಚಿಪ್ಪು ನಿಂತದ್ದಕ್ಕೆ ಡಾಕ್ಟರಿಗೆ ಕೈಮುಗಿಯುತ್ತೇನೆ. ಬಿದ್ದದ್ದನ್ನು ಮುಚ್ಚಿಡದೆ ನನಗೆ ಹೇಳಿದ್ದಕ್ಕೆ ಮಗಳಿಗೆ ಕೈಮುಗಿಯಬೇಕು.

ನಿಮ್ಮನ್ನೊಂದು ಕೇಳಲೇ? ನಿಮ್ಮ ಮಗು ಎಷ್ಟು ಸಲ ಬಿದ್ದಿದೆ ಅಂತ ನಿಮಗೆ ಗೊತ್ತಾ, ಅಥವಾ ನಿಮಗೆ ಹೇಳಿದಷ್ಟು ಮಾತ್ರ ಗೊತ್ತಾ?